ಅಪ್ಪನಿಗಿರುವ ನೆಮ್ಮದಿ ನನಗೂ ಸಿಗುತ್ತಾ?

ಪ್ರಶ್ನೆ: ಸರ್, ನನಗೆ 41 ವರ್ಷ. ವೈಟ್‌ಫೀಲ್ಡ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಮನೆ ನಾಗರಬಾವಿಯಲ್ಲಿ. ಮಾಗಡಿ ತಾಲ್ಲೂಕಿನಲ್ಲಿ ನಮ್ಮದು 3 ಎಕರೆ 10 ಗುಂಟೆ ಜಮೀನಿದೆ. ಅಪ್ಪನಿಗೆ 72. ರಾಗಿ, ಅವರೆ ಬೆಳೆಯುತ್ತಾರೆ, ಎರಡು ಸೀಮೆ ಹಸು ಕಟ್ಟಿದ್ದಾರೆ. ಕೈಯಲ್ಲಿ ದುಡ್ಡು ಆಡುವುದು ಕಡಿಮೆ. ಆದರೂ ಅವರಷ್ಟು ನೆಮ್ಮದಿಯಾಗಿ ಮಲಗುವವರನ್ನು ನಾನು ನೋಡಿಲ್ಲ. ನನಗೆ ರಾತ್ರಿ ಎರಡು ಗಂಟೆಯಾದರೂ ನಿದ್ದೆ ಬರುವುದಿಲ್ಲ. ಕೆಲಸ ಬಿಟ್ಟು ಊರಿಗೆ ಹೋಗಿ ಬೇಸಾಯ ಮಾಡೋಣ ಅಂತ ಎರಡು ವರ್ಷದಿಂದ ಯೋಚಿಸುತ್ತಿದ್ದೇನೆ. ಮನೆ ಸಾಲದ ಕಂತು ತಿಂಗಳಿಗೆ 46,000 ರೂಪಾಯಿ, ಇನ್ನೂ 11 ವರ್ಷ ಕಟ್ಟಬೇಕು. ಹೆಂಡತಿ ಒಪ್ಪುತ್ತಿಲ್ಲ. ಮಗಳು ಆರನೇ ಕ್ಲಾಸು. ಬೇಸಾಯದಲ್ಲಿ ನಿಜವಾಗಿಯೂ ಸಂತೋಷ ಇದೆಯಾ? ಅಪ್ಪನಿಗಿರುವ ನೆಮ್ಮದಿ ನನಗೂ ಸಿಗುತ್ತಾ?

ಉತ್ತರ: ನಿಮ್ಮ ಕಾಗದ ಓದಿ ಮೊದಲು ನನಗೆ ನಿಮ್ಮಪ್ಪನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಎಪ್ಪತ್ತೆರಡಕ್ಕೆ ಹಾಗೆ ನಿದ್ದೆ ಬರುವುದು ಅಂದರೆ ಸುಮ್ನೆ ಅಲ್ಲ. ನಾನು 33 ವರ್ಷ ಕೃಷಿ ಇಲಾಖೆಯಲ್ಲಿ ಇದ್ದವನು. ರೈತ ಸಂಪರ್ಕ ಕೇಂದ್ರದ ಮುಂದೆ ಬೀಜಕ್ಕೆ, ಗೊಬ್ಬರಕ್ಕೆ ಸಾಲು ನಿಂತವರ ಮುಖ ನೋಡಿ ನೋಡಿ ಒಂದು ಅಂದಾಜು ಬಂದಿದೆ. ನಿವೃತ್ತಿಯಾದ ಮೇಲೆ ದೊಡ್ಡಬಳ್ಳಾಪುರದ ಕಡೆ ಎರಡು ಎಕರೆಯಲ್ಲಿ ನಾನೇ ಬೇಸಾಯಕ್ಕೆ ಇಳಿದೆ. ಮೂವತ್ತಮೂರು ವರ್ಷದಲ್ಲಿ ತಿಳಿಯದ ಎಷ್ಟೋ ವಿಷಯ ಮೊದಲ ಮೂರು ವರ್ಷದಲ್ಲಿ ತಿಳಿಯಿತು. ಅದರಲ್ಲಿ ಕೆಲವನ್ನು ತಿಳಿಯದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ.

ಸಂತೋಷ ಇದೆಯಾ ಅಂತ ಕೇಳಿದ್ದೀರಿ. ಇದೆ. ಆದರೆ ನಿಮ್ಮ ಎರಡನೇ ಪ್ರಶ್ನೆ ಬೇರೆ, ಅದು ಕಷ್ಟದ್ದು. ಅಪ್ಪನಿಗಿರುವ ನೆಮ್ಮದಿ ಎಲ್ಲಿಂದ ಬಂತು ಅಂತ ಬಿಡಿಸಿ ನೋಡದೆ, ಅದು ನಿಮಗೆ ಸಿಗುತ್ತೋ ಇಲ್ಲವೋ ಹೇಳಲು ಆಗುವುದಿಲ್ಲ.

ನಿಮ್ಮಪ್ಪನನ್ನು ನಾನು ನೋಡಿಲ್ಲ, ಅವರಂಥವರನ್ನು ನೂರಾರು ಜನ ನೋಡಿದ್ದೇನೆ. ಅವರ ಮನೆಯಲ್ಲಿ ವರ್ಷಕ್ಕಾಗುವ ರಾಗಿ ಇರುತ್ತದೆ. ನಾಲ್ಕು ಜನ ದಿನಾ ಮುದ್ದೆ ಉಂಡರೂ ಮೂರು ಕ್ವಿಂಟಾಲ್ ಸಾಕು, ಅದು ಮೂಟೆ ಕಟ್ಟಿ ಇಟ್ಟಿರುತ್ತದೆ. ರಾಗಿಯ ಗುಣವೇ ಅದು, ವರ್ಷಗಟ್ಟಲೆ ಇಟ್ಟರೂ ಹುಳ ಸುಲಭಕ್ಕೆ ಹತ್ತುವುದಿಲ್ಲ. ಹಿಂದೆ ನೆಲದಲ್ಲಿ ಹಗೇವು ತೋಡಿ ತುಂಬಿಡುತ್ತಿದ್ದರು, ಬರ ಬಂದ ವರ್ಷ ತೆಗೆಯುತ್ತಿದ್ದರು. ಹಸುವಿನ ಹಾಲು ದಿನಾ ಎರಡು ಹೊತ್ತು ಡೇರಿಗೆ ಹೋಗುತ್ತದೆ, ಬಟವಾಡೆ ದಿನ ಕೈಗೆ ದುಡ್ಡು ಬರುತ್ತದೆ. ಉಪ್ಪು, ಎಣ್ಣೆ, ಕರೆಂಟ್ ಬಿಲ್ಲು, ಮದುವೆ ಮನೆ ಮುಯ್ಯಿ ಎಲ್ಲ ಅದರಲ್ಲೇ. ಹೊಲದ ಮೇಲೆ ಸಾಲ ಇರುವುದಿಲ್ಲ, ಇದ್ದರೂ ಸೊಸೈಟಿಯದು, ಸಣ್ಣದು.

ಇನ್ನೊಂದಿದೆ. ಇದನ್ನು ಹೇಳಿದರೆ ನಿಮಗೆ ಬೇಸರ ಆಗಬಹುದು. ನಿಮ್ಮಪ್ಪನ ನಿದ್ದೆಯ ಒಂದು ಕಾಲು ನಿಮ್ಮ ಸಂಬಳದ ಮೇಲೆ ನಿಂತಿದೆ. ನೀವು ತಿಂಗಳಾ ಕಳಿಸುತ್ತೀರೋ ಇಲ್ಲವೋ ಗೊತ್ತಿಲ್ಲ. ಕಳಿಸದಿದ್ದರೂ, ನಾಳೆ ಏನಾದರೂ ಆದರೆ ಮಗ ಇದ್ದಾನೆ, ಬೆಂಗಳೂರಲ್ಲಿ ಒಳ್ಳೆ ಕೆಲಸದಲ್ಲಿದ್ದಾನೆ ಅನ್ನುವ ಧೈರ್ಯ ಇದೆಯಲ್ಲ, ಅದಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ. ಮಳೆ ಕೈಕೊಟ್ಟರೂ ಅವರು ಹೊರಳಿ ಮಲಗುತ್ತಾರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿತು. ಆ ವರ್ಷ ನಮ್ಮ ಅಕ್ಕಪಕ್ಕದಲ್ಲಿ ಯಾರು ಕಂಗಾಲಾದರು, ಯಾರು ಸುಧಾರಿಸಿಕೊಂಡರು ಅಂತ ನಾನು ಗಮನಿಸಿದ್ದೇನೆ. ಸುಧಾರಿಸಿಕೊಂಡ ಮನೆಗಳಲ್ಲಿ ಮುಕ್ಕಾಲು ಪಾಲು ಕಡೆ ಒಬ್ಬ ಮಗನೋ ಮಗಳೋ ಸಂಬಳಕ್ಕೆ ಹೋಗುತ್ತಿದ್ದರು. ಪೀಣ್ಯದ ಫ್ಯಾಕ್ಟರಿಯೋ, ಬಿಎಂಟಿಸಿಯೋ, ಅಂಗನವಾಡಿಯೋ, ಏನೋ ಒಂದು.

ಅಂದರೆ ನೀವು ಕೆಲಸ ಬಿಟ್ಟು ಊರಿಗೆ ಹೋದ ದಿನ, ನೀವು ನೋಡಿ ಆಸೆಪಟ್ಟ ಆ ನೆಮ್ಮದಿಯ ಒಂದು ಕಾಲನ್ನು ನೀವೇ ಎಳೆದುಬಿಡುತ್ತೀರಿ. ಮಾರನೇ ದಿನದಿಂದ ಅಪ್ಪನೂ ನಿಮ್ಮ ಜೊತೆ ರಾತ್ರಿ ಎರಡು ಗಂಟೆಗೆ ಎದ್ದು ಕೂತಿರುತ್ತಾರೆ.

ಈಗ ಲೆಕ್ಕ ನೋಡೋಣ. ಪಕ್ಕಾ ಲೆಕ್ಕ ಇಲ್ಲದೆ ಸಂತೋಷದ ಮಾತಾಡುವವರನ್ನು ನಾನು ನಂಬುವುದಿಲ್ಲ. 3 ಎಕರೆ 10 ಗುಂಟೆಯಲ್ಲಿ ಮನೆ, ಕೊಟ್ಟಿಗೆ, ತಿಪ್ಪೆ, ಹಸುವಿನ ಹುಲ್ಲಿಗೆ ಅಂತ ಮುಕ್ಕಾಲು ಎಕರೆ ಕಳೆಯಿರಿ. ಎರಡೂವರೆ ಎಕರೆ ರಾಗಿ. ಮಳೆ ಆಧಾರದಲ್ಲಿ ಒಳ್ಳೆ ವರ್ಷ ಎಕರೆಗೆ ಹತ್ತು ಕ್ವಿಂಟಾಲ್ ಅಂತ ಹಿಡಿಯೋಣ, ಧಾರಾಳವಾಗಿಯೇ ಹಿಡಿದಿದ್ದೇನೆ. ಇಪ್ಪತ್ತೈದರಲ್ಲಿ ಮನೆಗೆ, ನೆಂಟರಿಗೆ, ಕೂಲಿಯವರಿಗೆ ನಾಲ್ಕು ಹೋದರೆ ಮಾರಲು ಇಪ್ಪತ್ತೊಂದು. 2025–26ಕ್ಕೆ ಕೇಂದ್ರ ಸರ್ಕಾರ ರಾಗಿಗೆ ಕೊಟ್ಟಿರುವ ಬೆಂಬಲ ಬೆಲೆ ಕ್ವಿಂಟಾಲ್‌ಗೆ 4,886 ರೂಪಾಯಿ. ಸರ್ಕಾರದ ರೈತ ನೋಂದಣಿಯ ಫ್ರೂಟ್ಸ್ ನಂಬರ್ ಮಾಡಿಸಿ, ಹೆಸರು ನೋಂದಾಯಿಸಿ, ಖರೀದಿ ಕೇಂದ್ರದಲ್ಲಿ ಸಾಲು ನಿಂತು ಅಷ್ಟನ್ನೂ ಅದೇ ಬೆಲೆಗೆ ಕೊಟ್ಟಿರಿ ಅಂತಲೇ ಇಟ್ಟುಕೊಳ್ಳಿ. 1,02,606 ರೂಪಾಯಿ. ಉಳುಮೆ, ಬೀಜ, ಗೊಬ್ಬರ, ಕಳೆ, ಕಟಾವು ಮೆಷಿನ್ ಎಲ್ಲ ಸೇರಿ ನನ್ನ ಪುಸ್ತಕದಲ್ಲಿ ಎಕರೆಗೆ 22,000 ಬರುತ್ತದೆ. ಎರಡೂವರೆ ಎಕರೆಗೆ 55,000. ಉಳಿದದ್ದು 47,606.

ನಿಮ್ಮ ಮನೆ ಸಾಲದ ಒಂದು ತಿಂಗಳ ಕಂತು 46,000.

ವರ್ಷವಿಡೀ ಬೆಳೆದ ರಾಗಿ ಒಂದು ತಿಂಗಳ ಕಂತಿಗೆ ಸರಿಹೋಯಿತು. ಇನ್ನು ಹನ್ನೊಂದು ತಿಂಗಳದ್ದನ್ನು ಆ ನೆಲ ಎಲ್ಲಿಂದ ತರಬೇಕು ಹೇಳಿ? ಎರಡು ಹಸುವಿನಲ್ಲಿ ಹಿಂಡಿ, ಬೂಸಾ, ಡಾಕ್ಟರ ಖರ್ಚು ಕಳೆದು ತಿಂಗಳಿಗೆ ಆರೇಳು ಸಾವಿರ ಉಳಿದರೆ ಪುಣ್ಯ. ಅದೂ ನಿಮ್ಮ ದುಡಿಮೆಗೆ ಕೂಲಿ ಹಿಡಿಯದೆ.

ನಿಮ್ಮಪ್ಪ ಆ ನೆಲದಿಂದ ಊಟ ಕೇಳಿದ್ದಾರೆ, ಕೈಖರ್ಚು ಕೇಳಿದ್ದಾರೆ. ಕೊಟ್ಟಿದೆ. ನೀವು ಅದೇ ನೆಲದಿಂದ ನಾಗರಬಾವಿ ಮನೆ ಕೇಳಲು ಹೊರಟಿದ್ದೀರಿ. ನಾನು ಕಂಡ ಹಾಗೆ ಬೇಸಾಯದಲ್ಲಿ ತೃಪ್ತಿ ಇರುವವರಿಗೂ ಇಲ್ಲದವರಿಗೂ ಇರುವ ವ್ಯತ್ಯಾಸ ಎಕರೆಯಲ್ಲಿ ಇಲ್ಲ, ಬೋರ್‌ವೆಲ್ಲಿನಲ್ಲೂ ಇಲ್ಲ. ನೆಲದ ಮೇಲೆ ಎಷ್ಟು ಹೊರೆ ಹೇರಿದ್ದಾರೆ ಅನ್ನುವುದರಲ್ಲಿದೆ.

ಇದು ನನಗೆ ಪುಸ್ತಕದಿಂದ ಬಂದ ಬುದ್ಧಿ ಅಲ್ಲ. ನಿವೃತ್ತಿಯಾದ ಮರುವರ್ಷ, 2016ರಲ್ಲಿ, ಸಿಕ್ಕ ದುಡ್ಡಲ್ಲಿ ಒಂದಷ್ಟನ್ನು ನೆಲಕ್ಕೆ ಸುರಿದೆ. ಮೊದಲ ಬೋರ್ 1,100 ಅಡಿಗೆ ಹೋದರೂ ಬರೀ ಧೂಳು. ಎರಡನೆಯದರಲ್ಲಿ ಎರಡಿಂಚು ನೀರು. ಆ ಎರಡಿಂಚು ನೋಡಿ ತಲೆ ತಿರುಗಿತು. ಇಡೀ ಹೋಬಳಿಗೆ ಬುದ್ಧಿ ಹೇಳಿದವನು, ಸಾಲ ತೆಗೆದು ಒಂದು ಎಕರೆಗೆ ಟೊಮೆಟೊ ಹಾಕಿದೆ. ಮಲ್ಚಿಂಗ್ ಶೀಟು, ಡ್ರಿಪ್, ಊರುಗೋಲು, ದಾರ, ಔಷಧಿ. ಗಿಡ ಚೆನ್ನಾಗಿ ಬಂತು. ಕಾಯಿ ಕೆಂಪಾಗುವ ಹೊತ್ತಿಗೆ ನವೆಂಬರ್ 8ರಂದು ನೋಟು ರದ್ದಾಯಿತು. ಮಂಡಿಯಲ್ಲಿ ಕೊಳ್ಳುವವರ ಕೈಯಲ್ಲಿ ಕಾಸಿಲ್ಲ. ಹದಿನೈದು ಕಿಲೋ ಬಾಕ್ಸಿಗೆ ಸಿಕ್ಕ ದುಡ್ಡು ಕೀಳುವ ಕೂಲಿಗೂ ಗಾಡಿ ಬಾಡಿಗೆಗೂ ಸರಿಹೋಗುತ್ತಿತ್ತು. ಕೊನೆ ಎರಡು ಕೊಯ್ಲು ಹಸುವಿಗೆ ಹಾಕಿದೆ.

ದುಡ್ಡು ಹೋಯಿತು, ಅದು ಬಿಡಿ. ಆ ಮೂರು ತಿಂಗಳು ನಾನು ಏನಾಗಿದ್ದೆ ಅನ್ನುವುದು ಮುಖ್ಯ. ಬೆಳಗ್ಗೆ ಎದ್ದರೆ ಗಿಡದ ಮುಖ ನೋಡುತ್ತಿರಲಿಲ್ಲ, ಫೋನಿನಲ್ಲಿ ರೇಟು ನೋಡುತ್ತಿದ್ದೆ. ಇವತ್ತೆಷ್ಟು, ನಿನ್ನೆಗಿಂತ ಎಷ್ಟು ಕಡಿಮೆ. ಹೊಲದಲ್ಲಿ ನಿಂತೇ ಆಫೀಸಿನಲ್ಲಿದ್ದೆ. ಪಕ್ಕದ ಹೊಲದವರು ಮಳೆ ಕಡಿಮೆಯಾಗಿ ಅರ್ಧಂಬರ್ಧ ಬಂದ ರಾಗಿ ಕೊಯ್ದು, ಮೆದೆ ಹಾಕಿ, ಅದರ ನೆರಳಲ್ಲಿ ಮಧ್ಯಾಹ್ನ ಗೊರಕೆ ಹೊಡೆಯುತ್ತಿದ್ದರು. ಅವರ ರಾಗಿಗೂ ರೇಟಿರಲಿಲ್ಲ. ಆದರೆ ರಾಗಿ ಕಾಯುತ್ತದೆ, ಟೊಮೆಟೊ ಕಾಯುವುದಿಲ್ಲ. ಮೂಟೆ ಕಟ್ಟಿ ಒಳಗಿಟ್ಟರು, ಮಾರ್ಚ್‌ನಲ್ಲಿ ಮಾರಿದರು. ಕಾಯುವ ಬೆಳೆ ಬೆಳೆದವನಿಗೆ ನಿದ್ದೆ ಬರುತ್ತದೆ. ಇದನ್ನು ನನ್ನ ಓದಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ನಿಮಗೆ 2023ರ ಜುಲೈ ನೆನಪಿರಬಹುದು. ಕೋಲಾರದ ಮಾರುಕಟ್ಟೆಯಲ್ಲಿ ಅದೇ ಹದಿನೈದು ಕಿಲೋ ಬಾಕ್ಸು 2,000 ರೂಪಾಯಿ ದಾಟಿತ್ತು. ಆಗ ನನಗೆ ಫೋನ್ ಮಾಡಿದ ನಿಮ್ಮಂಥವರ ಸಂಖ್ಯೆ ಹೇಳಿದರೆ ನಗುತ್ತೀರಿ. ಆ ವರ್ಷ ಬಾಕ್ಸು ಮಾರಿದವರು ಪುಣ್ಯವಂತರು. ಆದರೆ ಅವರು ಮಾರಿದ ಸುದ್ದಿ ಕೇಳಿ ನಾಟಿ ಮಾಡಿದವರ ಕಥೆ ಯಾವ ಟೀವಿಯಲ್ಲೂ ಬರಲಿಲ್ಲ.

ಹಾಗಾದರೆ ಸಂತೋಷ ಎಲ್ಲಿದೆ ಅಂತ ಕೇಳುತ್ತೀರಿ. ಅದಕ್ಕೇ ಬಂದೆ.

‘ಹದ’ ಅನ್ನುವ ಮಾತು ನಿಮಗೆ ಗೊತ್ತು, ಮನೆಯಲ್ಲಿ ಕೇಳಿಯೇ ಬೆಳೆದಿದ್ದೀರಿ. ಮುಂದಿನ ಸಲ ಕೈಯಲ್ಲಿ ಹಿಡಿದು ನೋಡಿ. ಒಳ್ಳೆ ಮಳೆ ಬಂದು ನಿಂತ ಮಾರನೇ ದಿನ ಹೊಲಕ್ಕೆ ಹೋಗಿ, ಮೇಲಿನ ಮಣ್ಣು ಸ್ವಲ್ಪ ಸರಿಸಿ, ನಾಲ್ಕು ಬೆರಳು ಕೆಳಗಿಂದ ಒಂದು ಹಿಡಿ ತೆಗೆಯಿರಿ. ಅಮುಕಿ ಉಂಡೆ ಮಾಡಿ. ಸೊಂಟದ ಎತ್ತರದಿಂದ ಕೈ ಬಿಡಿ. ನೆಲಕ್ಕೆ ಬಿದ್ದು ರೊಪ್ಪನೆ ಚಪ್ಪಟೆಯಾದರೆ ಇನ್ನೂ ಹಸಿ, ನೇಗಿಲು ಕಟ್ಟಿದರೆ ಹೆಂಟೆ ಏಳುತ್ತದೆ. ಉಂಡೆಯೇ ಆಗದೆ ಬೆರಳ ಸಂದಿಯಿಂದ ಪುಡಿ ಉದುರಿದರೆ ಹದ ಹೋಯಿತು. ಬಿದ್ದು ನಾಲ್ಕೈದು ಚೂರಾಗಿ ಒಡೆದರೆ, ಅದು ಹದ. ನಮ್ಮ ಕೆಂಪು ಮಣ್ಣಿನಲ್ಲಿ ಅದು ಎರಡು ಮೂರು ದಿನ ಇದ್ದರೆ ಹೆಚ್ಚು. ಆ ಎರಡು ದಿನದೊಳಗೆ ಟ್ರ್ಯಾಕ್ಟರ್ ಸಿಗಬೇಕು, ಕೂರಿಗೆ ಸಿಗಬೇಕು, ಬೀಜ ಮನೆಯಲ್ಲಿರಬೇಕು.

ನಿಮ್ಮಪ್ಪ ಉಂಡೆಯನ್ನೂ ಮಾಡುವುದಿಲ್ಲ. ಬರಿಗಾಲಲ್ಲಿ ನಾಲ್ಕು ಹೆಜ್ಜೆ ನಡೆದು, ‘ನಾಳೆ ಬೆಳಗ್ಗೆ ಕಟ್ಟಬೋದು’ ಅನ್ನುತ್ತಾರೆ. ಸರಿಯಾಗಿರುತ್ತದೆ. ಐವತ್ತು ಮುಂಗಾರು ಅವರ ಪಾದದಲ್ಲಿದೆ. ಅದರಲ್ಲಿ ಸಿಗುವ ಸುಖ ಬೇರೆ ಥರದ್ದು. ತನಗೆ ಚೆನ್ನಾಗಿ ಗೊತ್ತಿರುವ ಕೆಲಸವನ್ನು, ಯಾರಿಗೂ ಉತ್ತರ ಕೊಡದೆ, ತನ್ನ ಹೊತ್ತಿಗೆ ತಾನು ಮಾಡುವ ಸುಖ. ನಿಮ್ಮ ಕೆಲಸದಲ್ಲೂ ಒಂದು ಕಾಲಕ್ಕೆ ಅದು ಇದ್ದಿರಬೇಕು, ಮೊದಮೊದಲು ಬರೆದ ಪ್ರೋಗ್ರಾಂ ಓಡಿದಾಗ. ಆಮೇಲೆ ಮೀಟಿಂಗು ಜಾಸ್ತಿಯಾಯಿತು, ಅಲ್ವಾ?

ಆದ್ದರಿಂದ ಊರಿಗೆ ಹೋದ ಮಾತ್ರಕ್ಕೆ ಅದು ಸಿಗುವುದಿಲ್ಲ. ಹೊಲದಲ್ಲಿ ನೀವು ಹೊಸಬರು. ಮೊದಲ ದಿನ ಕಳೆ ಕೀಳಲು ಕೂತರೆ ನಾಚಿಕೆಯಾಗುತ್ತದೆ. ರಾಗಿ ಪೈರಿನ ಹಾಗೇ ಕಾಣುವ ಕಳೆಯೊಂದಿದೆ. ಹೊಸಬರು ಪೈರು ಕಿತ್ತು ಕಳೆ ಬಿಡುತ್ತಾರೆ. ನಾನೂ ಬಿಟ್ಟಿದ್ದೆ, ಕೃಷಿ ಪದವೀಧರ! ಕೂಲಿಗೆ ಬಂದ ಹೆಂಗಸೊಬ್ಬರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಆಮೇಲೆ ಬುಡದ ಬಣ್ಣ ತೋರಿಸಿ ಹೇಳಿಕೊಟ್ಟರು. ಒಂದು ಸಾಲು ಮುಗಿಸುವಷ್ಟರಲ್ಲಿ ಸೊಂಟ ಹಿಡಿದಿತ್ತು, ಆದರೆ ತಿರುಗಿ ನೋಡಿದರೆ ಆ ಸಾಲು ಮಾತ್ರ ತಲೆ ಬಾಚಿದ ಹಾಗಿತ್ತು. ಆವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಟೊಮೆಟೊ ಕಾಲ ಮುಗಿದ ಮೇಲೆ ಅದೇ ಮೊದಲು.

ನಿಮ್ಮ ಕಡೆ ಇನ್ನೂ ಅಕ್ಕಡಿ ಸಾಲು ಹಾಕುತ್ತಾರೆ ಅಂದುಕೊಂಡಿದ್ದೇನೆ. ರಾಗಿ ನಡುವೆ ಕೆಲವು ಸಾಲಿಗೊಂದರಂತೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಅಂಚಿಗೆ ಸಾಸಿವೆ. ಓದಿದವರು ಇದನ್ನು ಹಳೇ ಕಾಲದ ಅಭ್ಯಾಸ ಅಂತ ಕಡೆಗಣಿಸಿದ್ದುಂಟು, ನಾನೂ ಸೇರಿ. ಇಲ್ಲಿ ಸೆಪ್ಟೆಂಬರ್‌ನಲ್ಲಿ ಮಳೆ ಜಾಸ್ತಿ. ಒಂದೊಂದು ವರ್ಷ ಅದು ತಪ್ಪುತ್ತದೆ. ರಾಗಿ ತೆನೆ ಕಟ್ಟುವಾಗ ಮಳೆ ಇಲ್ಲದೆ ಸೊರಗಿದರೂ ತೊಗರಿ ಬೇರು ಆಳಕ್ಕೆ ಇಳಿದಿರುತ್ತದೆ, ಅವರೆ ಇಬ್ಬನಿಯಲ್ಲೇ ಹೂ ಬಿಡುತ್ತದೆ. ಎಲ್ಲವೂ ಒಟ್ಟಿಗೆ ಹೋಗುವುದಿಲ್ಲ. ಹುಚ್ಚೆಳ್ಳು ಹಳದಿ ಹೂ ಬಿಟ್ಟಾಗ ಜೇನು ಬರುತ್ತದೆ. ಡಿಸೆಂಬರ್ ಬೆಳಗ್ಗೆ ಅವರೆ ಸಾಲಿನಲ್ಲಿ ಕೈಯಾಡಿಸಿದರೆ ಸೊನೆ ಅಂಟಿಕೊಂಡು, ಎಷ್ಟು ಸೋಪು ಹಾಕಿದರೂ ಮಧ್ಯಾಹ್ನದ ಊಟದಲ್ಲಿ ಆ ಘಮ ಇರುತ್ತದೆ. ನಿಮ್ಮ ಮಾಗಡಿ ಅವರೆಗೆ ಬೆಂಗಳೂರಲ್ಲಿ ಇರುವ ಹೆಸರು ನಾನು ಹೇಳಬೇಕಿಲ್ಲ. ಇಲ್ಲಿ ಒಂದು ಕಿಲೋ ಕೊಂಡು ಮನೆಮಂದಿಯೆಲ್ಲ ಕೂತು ಹಿತಕುವಾಗ ನಿಮಗೆ ಏನನ್ನಿಸುತ್ತದೋ, ಅದರ ಮೂಲ ನಿಮ್ಮಪ್ಪನ ಅಕ್ಕಡಿ ಸಾಲಿನಲ್ಲಿದೆ.

ಖರ್ಚು ಕಡಿಮೆ ಮಾಡಿ, ಹತ್ತು ಥರ ಬೆಳೆದು, ದನ ಮರ ಎಲ್ಲ ಸೇರಿಸಿ ಬೇಸಾಯ ಮಾಡುವುದನ್ನು ದೊಡ್ಡಬಳ್ಳಾಪುರದ ಹತ್ತಿರ ಮರೇನಹಳ್ಳಿಯಲ್ಲಿ ಎಲ್. ನಾರಾಯಣ ರೆಡ್ಡಿಯವರು ಬಹಳ ವರ್ಷ ಮಾಡಿ ತೋರಿಸಿದರು. ಮೊದಲು ರಾಸಾಯನಿಕ ಗೊಬ್ಬರದ ಬೇಸಾಯದಲ್ಲಿ ಕೈಸುಟ್ಟುಕೊಂಡು ಆಮೇಲೆ ಸಾವಯವಕ್ಕೆ ತಿರುಗಿದವರು. 2019ರಲ್ಲಿ ತೀರಿಕೊಂಡರು. ಅವರು ಹೇಳಿದ್ದನ್ನೆಲ್ಲ ನಾನು ಒಪ್ಪುವುದಿಲ್ಲ, ಇಲಾಖೆಯ ಮನುಷ್ಯನಾದ್ದರಿಂದ ಯೂರಿಯಾ ವಿಚಾರದಲ್ಲಿ ನನ್ನದೊಂದು ಹಟ ಇದೆ. ಆದರೆ ಅಂಗಡಿಗೆ ಎಷ್ಟು ಕಡಿಮೆ ಹೋಗುತ್ತೀರೋ ಅಷ್ಟು ಹಗುರ ಅನ್ನುವುದರಲ್ಲಿ ತಕರಾರಿಲ್ಲ.

ನಿಮ್ಮ ಮನೆಯವರ ವಿಷಯ. ಅವರು ಒಪ್ಪುತ್ತಿಲ್ಲ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ಯಾಕೆ ಅಂತ ಬರೆದಿಲ್ಲ. ನನ್ನ ಅನುಮಾನ, ಅವರು ನಿಮಗಿಂತ ಚೆನ್ನಾಗಿ ಲೆಕ್ಕ ಹಾಕಿದ್ದಾರೆ. ಊರಿನ ಮನೆಯಲ್ಲಿ ಬೆಳಗ್ಗೆ ಐದಕ್ಕೆ ಎದ್ದು ಸಗಣಿ ಬಾಚುವವರು ಯಾರು? ಹಸುವಿಗೆ ಬೂಸಾ ಕಲಸಿ ಇಡುವವರು, ಹಾಲಿನ ಪಾತ್ರೆ ತೊಳೆಯುವವರು, ಕಳೆ ಕೀಳುವವರಿಗೆ ಮಧ್ಯಾಹ್ನಕ್ಕೆ ಮುದ್ದೆ ಸಾರು ಮಾಡಿ ಹೊಲಕ್ಕೆ ಹೊರುವವರು ಯಾರು? ನಿಮ್ಮಪ್ಪನ ನೆಮ್ಮದಿ ಬಗ್ಗೆ ಬರೆದಿರಿ. ಅಮ್ಮನ ಬಗ್ಗೆ ಒಂದು ಮಾತಿಲ್ಲ. ಅವರನ್ನೂ ಕೇಳಿ, ನಿದ್ದೆ ಹೇಗೆ ಬರುತ್ತದೆ ಅಂತ. ಅವರ ಮೊಣಕಾಲನ್ನೂ ಕೇಳಿ. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಗಂಡಸರ ‘ಹಳ್ಳಿಯ ನೆಮ್ಮದಿ’ ಹೆಂಗಸರ ಸೊಂಟದ ಮೇಲೆ ಕೂತಿರುತ್ತದೆ. ಮನೆಯವರು ಬೇಡ ಅಂದರೆ ಅವರಿಗೆ ಮಣ್ಣಿನ ಮೇಲೆ ಪ್ರೀತಿ ಇಲ್ಲ ಅಂತ ತಿಳಿಯಬೇಡಿ.

ಜಮೀನಿನ ಬೆಲೆ ವಿಷಯವನ್ನೂ ಹೇಳಿಬಿಡುತ್ತೇನೆ, ಇದು ಬೆಂಗಳೂರಿನ ಸುತ್ತಲಿನವರಿಗೆ ಅಂಟಿದ ಕಾಯಿಲೆ. ಬೆಂಗಳೂರಿನ ಸುತ್ತಲಿನ ಪಟ್ಟಣಗಳನ್ನು ಜೋಡಿಸುವ ಸ್ಯಾಟಲೈಟ್ ರಿಂಗ್ ರಸ್ತೆ ಮಾಗಡಿ ಕಡೆಯಿಂದಲೂ ಹಾದುಹೋಗುತ್ತದೆ. 2020ರಲ್ಲಿ ಭೂ ಸುಧಾರಣೆ ಕಾಯ್ದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತಾಯಿತು. ಅಲ್ಲಿಂದ ಬ್ರೋಕರ್‌ಗಳ ಫೋನು ನಿಂತಿಲ್ಲ. ಪಕ್ಕದ ಹೊಲದವರು ಮಾರಿ ಕಾರು ತಂದರು ಅಂದ ಮೇಲೆ ರಾಗಿ ಹೊಲದಲ್ಲಿ ಕಳೆ ಕೀಳುವವನಿಗೆ ತಾನು ದಡ್ಡನಾ ಅನ್ನಿಸದೆ ಇರುವುದು ಕಷ್ಟ. ಹಾಗೆಂದು ಎಲ್ಲರೂ ಮಾರಲು ಕಾದು ಕೂತಿದ್ದಾರೆ ಅಂತಲೂ ಅಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಭೂಮಿ ಬಿಡುವುದಿಲ್ಲ ಅಂತ ಮೂರು ವರ್ಷಕ್ಕೂ ಹೆಚ್ಚು ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ 1,777 ಎಕರೆ ಸ್ವಾಧೀನ ಕೈಬಿಟ್ಟಿತು. ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇರುವ ನೆಲ ಅದು. ಅಲ್ಲಿ ತರಕಾರಿ, ಹೂವು, ದ್ರಾಕ್ಷಿ, ರೇಷ್ಮೆ, ಹಾಲು ಎಲ್ಲ ಇದೆ, ಪಟ್ಟಣ ಹತ್ತಿರ ಇರುವುದರಿಂದ ಕೈಗೆ ಕಾಸೂ ಬರುತ್ತದೆ. ಹೊರಗಿನವರು ಅದನ್ನು ಬರೀ ಹಟ ಅಂದುಕೊಂಡರು.

ನೀವು ಮಾಡಬೇಕಾದ್ದು ಇಷ್ಟೇ: ಪಹಣಿ ಯಾರ ಹೆಸರಲ್ಲಿದೆ ನೋಡಿ. ಇನ್ನೂ ತಾತನ ಹೆಸರಲ್ಲೇ ಇದ್ದರೆ ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಯಿಸಿ. ಅಕ್ಕತಂಗಿಯರಿದ್ದರೆ ಅಪ್ಪ ಇರುವಾಗಲೇ ಕೂತು ಮಾತಾಡಿ. ಬರಕ್ಕಿಂತ ಹೆಚ್ಚು ಮನೆಗಳ ನೆಮ್ಮದಿಯನ್ನು ಪಾಲಿನ ಜಗಳ ಕೆಡಿಸಿದೆ.

ಈಗ ನಿಮ್ಮ ನಿದ್ದೆಗೆ ಬರೋಣ. ನಿಮ್ಮ ಕಾಗದದಲ್ಲಿ ನನಗೆ ಜಾಸ್ತಿ ಚಿಂತೆಯಾದದ್ದು ಅದೇ ಸಾಲು. ನಿಮಗೆ ಬೇಸಾಯ ಬೇಕಾಗಿದೆಯೋ, ಕೆಲಸ ಬೇಸರವಾಗಿದೆಯೋ? ಎರಡೂ ಒಂದೇ ಥರ ಕಾಣುತ್ತವೆ. ನಾಗರಬಾವಿಯಿಂದ ವೈಟ್‌ಫೀಲ್ಡ್‌ಗೆ ದಿನಾ ಊರಿನ ಈ ತುದಿಯಿಂದ ಆ ತುದಿ ಹೋಗಿಬರುವವನಿಗೆ ಯಾವ ಹೊಲ ತೋರಿಸಿದರೂ ಸ್ವರ್ಗವಾಗಿಯೇ ಕಾಣುತ್ತದೆ. ಕೆಲಸ ಬದಲಾಯಿಸುವುದು, ಮನೆ ಹತ್ತಿರ ಕೆಲಸ ಹುಡುಕುವುದು, ಸಂಬಳ ಸ್ವಲ್ಪ ಕಡಿಮೆಯಾದರೂ ಸರಿ, ಮೊದಲು ಇವನ್ನು ನೋಡಿ. ನಿದ್ದೆ ಬಾರದೆ ತಿಂಗಳುಗಟ್ಟಲೆ ಆಗಿದ್ದರೆ ಡಾಕ್ಟರ ಹತ್ತಿರ ಹೋಗಿ. ಟೆಲಿ ಮಾನಸ್ ಅಂತ ಸರ್ಕಾರದ್ದೇ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಹೊಲ ಮನಸ್ಸಿಗೆ ಒಳ್ಳೆಯದು, ಒಪ್ಪಿದೆ. ಆದರೆ ಅದು ಆಸ್ಪತ್ರೆ ಅಲ್ಲ. ಒಳಗೆ ಕುಸಿದು ಹೋದವನ ಮೇಲೆ ಮಳೆ ಕೈಕೊಟ್ಟ ವರ್ಷವೂ ಬಿದ್ದರೆ ಏನಾಗುತ್ತದೆ ಅಂತ ನಾನು ಕಂಡಿದ್ದೇನೆ. ನೌಕರಿಯಲ್ಲಿದ್ದಾಗ ಅಂಥ ಮನೆಗಳಿಗೆ ವರದಿ ಬರೆಯಲು ಹೋಗಿದ್ದೇನೆ. ಆ ಜಗಲಿಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಹಾಗಾದರೆ ಬೇಡ ಅನ್ನುತ್ತಿದ್ದೇನಾ? ಇಲ್ಲ. ಕೆಲಸ ಬಿಡಬೇಡಿ ಅನ್ನುತ್ತಿದ್ದೇನೆ, ಹೊಲ ಹಿಡಿಯಿರಿ ಅಂತಲೂ ಅನ್ನುತ್ತಿದ್ದೇನೆ. ನಾಗರಬಾವಿಯಿಂದ ಮಾಗಡಿ ರಸ್ತೆ ಹಿಡಿದರೆ ನಿಮ್ಮೂರು ಎಷ್ಟು ದೂರ? ನೀವು ಆಫೀಸಿಗೆ ಹೋಗಲು ತೆಗೆದುಕೊಳ್ಳುವ ಹೊತ್ತಿನೊಳಗೆ ಹೊಲದಲ್ಲಿರುತ್ತೀರಿ. ಒಂದು ಎಕರೆ, ಒಂದು ಹಂಗಾಮು, ಪೂರ್ತಿ ನಿಮ್ಮ ಜವಾಬ್ದಾರಿ ಅಂತ ಅಪ್ಪನ ಹತ್ತಿರ ಕೇಳಿಕೊಳ್ಳಿ. ಕಟಾವು ಮುಗಿದ ಮೇಲೆ ಮಾಗಿ ಉಳುಮೆಯಿಂದಲೇ ಶುರು ಮಾಡಿ. ಮಣ್ಣು ಪರೀಕ್ಷೆಗೆ ಕೊಡಿ. ಬೇಸಿಗೆಯಲ್ಲಿ ತಿಪ್ಪೆ ಗೊಬ್ಬರ ಹೊಡೆಯಿರಿ. ‘ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ’ ಅಂತ ಅಪ್ಪ ಮೋಡ ನೋಡಿ ಹೇಳುವಾಗ ಪಕ್ಕದಲ್ಲಿರಿ. ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ, ಅಂದರೆ ಜುಲೈನಲ್ಲಿ, ಬಿತ್ತನೆ. ಬೀಜ ರೈತ ಸಂಪರ್ಕ ಕೇಂದ್ರದಲ್ಲಿ ಸಿಗುತ್ತದೆ. ಬಿತ್ತಿದ ಮೇಲೆ ನಾಲ್ಕು ತಿಂಗಳ ಬೆಳೆ. ಖರ್ಚು ಬರೆದಿಡಿ, ಪೆಟ್ರೋಲೂ ಸೇರಿಸಿ. ಕೂಲಿಯವರನ್ನು ಕರೆದರೂ ಪರವಾಗಿಲ್ಲ, ಒಂದಷ್ಟು ಸಾಲು ನಿಮ್ಮ ಕೈಯಲ್ಲೇ ಆಗಬೇಕು. ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಅಂತ ಗಾದೆ ಇದೆ. ಫಾರ್ಮ್‌ಹೌಸ್‌ನವರು ಈ ಗಾದೆ ಕೇಳಿದ ಹಾಗಿಲ್ಲ. ನಮ್ಮ ಸುತ್ತ ಬೇಲಿ ಹಾಕಿದ ಎಷ್ಟೋ ಜಮೀನಿನಲ್ಲಿ ಬೆಳೆಯುವುದು ಕಾವಲುಗಾರನ ಕೋಳಿ ಮಾತ್ರ.

ನವೆಂಬರ್ ಸುಮಾರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕೃಷಿ ಮೇಳ ಆಗುತ್ತದೆ, ಅಪ್ಪನನ್ನು ಕರೆದುಕೊಂಡು ಹೋಗಿ. ಮಳಿಗೆಗಳನ್ನು ಬೇಗ ಮುಗಿಸಿ, ಒಳಗಿನ ತಾಕುಗಳಿಗೆ ಹೋಗಿ. ಅಪ್ಪ ಯಾವ ರಾಗಿ ತಾಕಿನ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತಾರೆ ಅಂತ ನೋಡಿ. ತರಕಾರಿ ಮಾಡುವ ಆಸೆ ಹುಟ್ಟಿದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದೆ. ಆದರೆ ಮೊದಲ ವರ್ಷ ಅಲ್ಲ, ದಯವಿಟ್ಟು.

ಇದಕ್ಕೆಲ್ಲ ಮುಂಚೆ ಒಂದು ಪರೀಕ್ಷೆ ಇದೆ, ಖರ್ಚಿಲ್ಲದ್ದು. ಹತ್ತು ದಿನ ರಜೆ ಹಾಕಿ. ಅಪ್ಪ ಅಮ್ಮನನ್ನು ಎಲ್ಲಾದರೂ ಕಳಿಸಿ, ಧರ್ಮಸ್ಥಳಕ್ಕೋ, ಹೊರನಾಡಿಗೋ, ಹೆಣ್ಣುಮಕ್ಕಳ ಮನೆಗೋ. ಎರಡು ಹಸು ಕಟ್ಟಿದ ಮನೆಯವರು ಇಬ್ಬರೂ ಒಟ್ಟಿಗೆ ಎರಡು ರಾತ್ರಿ ಹೊರಗೆ ಮಲಗಿ ಎಷ್ಟು ವರ್ಷವಾಯಿತು ಅಂತ ಕೇಳಿ ನೋಡಿ. ಹಸುವಿಗೆ ಭಾನುವಾರ ಇಲ್ಲ, ಹಬ್ಬ ಇಲ್ಲ. ಆ ಹತ್ತು ದಿನ ಕೊಟ್ಟಿಗೆ ನಿಮ್ಮದು. ಐದಕ್ಕೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಡೇರಿ ಬಾಗಿಲು ಮುಚ್ಚುವ ಮುಂಚೆ ಕ್ಯಾನು ತಲುಪಿಸಿ, ಫ್ಯಾಟು ಎಷ್ಟು ಬಂತು ಬರೆಸಿಕೊಂಡು ಬನ್ನಿ. ಸಂಜೆ ಮತ್ತೆ ಅದೇ. ಮಧ್ಯೆ ಹುಲ್ಲು ಕೊಯ್ಯಿರಿ. ಸಾಧ್ಯವಾದರೆ ಮನೆಯವರೂ ಮಗಳೂ ಎರಡು ದಿನ ಬರಲಿ, ಆದರೆ ಅವರಿಗೆ ಕೆಲಸ ಹೇಳಬೇಡಿ. ಹತ್ತನೇ ದಿನ ರಾತ್ರಿ ನಿಮಗೆ ನಿದ್ದೆ ಬಂತಾ, ಎಷ್ಟು ಗಂಟೆಗೆ ಬಂತು, ಅದನ್ನು ನನಗೆ ಬರೆಯಿರಿ. ಉಳಿದದ್ದು ಆಮೇಲೆ ಮಾತಾಡೋಣ.

ಒಂದು ಎಚ್ಚರಿಕೆ. ಸೀಮೆ ಹಸು ಹೊಸ ಕೈಗೆ ಸುಲಭವಾಗಿ ಸೊರೆ ಬಿಡುವುದಿಲ್ಲ, ಅಂದರೆ ಹಾಲು ಇಳಿಸುವುದಿಲ್ಲ, ಒದೆಯಲೂಬಹುದು. ಅವರು ಹೊರಡುವುದಕ್ಕೆ ಮೂರು ದಿನ ಮುಂಚೆಯೇ ಹೋಗಿ ಅಪ್ಪನ ಪಕ್ಕ ಕೂತು ಕರೆಯಿರಿ. ಅಪ್ಪನ ಹಳೇ ಟವೆಲ್ಲೊಂದನ್ನು ಹೆಗಲ ಮೇಲೆ ಹಾಕಿಕೊಳ್ಳಿ, ವಾಸನೆಗೆ ಸುಮ್ಮನಿರುತ್ತದೆ.